ಸಾಹೇಬರ ಟೋಪಿ, ಪೀರಪ್ಪನ ತಲೆ

ತಹಸೀಲ್ದಾರ ಸಾಹೇಬರು ಕುದುರೆ ಏರಿ ಕಮಲಾಪುರಕ್ಕೆ ತಪಾಸಣೆಯ ದೌರೆ ಹೊರಟಾಗ ತಮ್ಮ ಗಟ್ಟಿ ಬೆಂಡಿನ ಸೋಲಾ ಟೋಪಿಯನ್ನು ಕಲಬುರ್ಗಿಯ ಕಚೇರಿಯಲ್ಲೇ ಮರೆತರು. ಜವಾನ ಪೀರಪ್ಪನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಮರುದಿನ ಬೆಳಿಗ್ಗೆ ಟಾಂಗಾದ ನಬಿಸಾಬ್ ಕಮಲಾಪುರದಿಂದ ಬಂದು ಸಾಹೇಬರ ಹುಕುಮನ್ನು ಮುನ್ಷಿ ಅಲ್ಲಾವುದ್ದೀನರ ಕಿವಿಯಲ್ಲಿ ಹೇಳಿದ. ಮುನ್ಷಿ ಹುಬ್ಬು ಗಂಟಿಕ್ಕಿದರು.

"ಹಂಗ ಹೇಳಿರಲಿಕ್ಕಿಲ್ಲ ಬಿಡು. ಸಾಹೇಬರ ಮನಸ್ಸು ನನಗ ಗೊತ್ತದ," ಎಂದು ಪೀರಪ್ಪನನ್ನು ಕೂಗಿದರು. "ಈ ಟಪಾಲು ತಗೋ, ಸಾಹೇಬರ ಟೋಪಿ ತಗೋ, ಸೈಕಲ್ ಮ್ಯಾಲ ನಡಿ. ಟೋಪಿಗಿ ಒಂದು ಗೀರು ಬಿತ್ತಂದ್ರ ನೌಕರಿ ಖತಂ!"

ಪೀರಪ್ಪ ನಿಟ್ಟುಸಿರು ಬಿಟ್ಟ. ಮೊಣಕಾಲು ಸವೆದ ವಯಸ್ಸಿನಲ್ಲಿ ಸರ್ಕಾರ ಅವನಿಗೆ ಸೈಕಲ್ ಕಲಿಸಿತ್ತು. ಎರಡು ಕೈಯಲ್ಲಿ ಹಿಡಿದರೂ ಅದು ಹಟಮಾರಿ ಹೋರಿಯಂತೆ ತನ್ನ ದಾರಿ ತಾನು ಹಿಡಿಯುವುದು. ಈಗ ಒಂದು ಕೈಯಲ್ಲಿ ಟೋಪಿ ಬೇರೆ. ನೌಕರಿ ಹೋದರೆ ಹೆಂಡತಿ ಸೂಗಮ್ಮ ಒಲೆ ಹಚ್ಚುವುದು ಹೇಗೆ?

ತಾಜಸುಲ್ತಾನಪುರದ ಹತ್ತಿರ ಬುತ್ತಿ ಹೊತ್ತು ಹೊಲಕ್ಕೆ ಹೊರಟಿದ್ದ ಶಂಕ್ರಮ್ಮ ತಡೆದಳು. "ಯಣ್ಣಾ, ಟೋಪಿ ತಲಿಗಿ ಹಾಕೋದು ಬಿಟ್ಟು ಕೈಯಾಗ ಯಾಕ ಹಿಡದಿ?"

"ಸಾಹೇಬರ ಟೋಪಿ ಜವಾನನ ತಲಿಮ್ಯಾಲ ಕುಂದರತದೇನವ್ವಾ?"

"ಹಂಗಾರ ಧೂಳಿಗಿ ಹಾಳಾಗ್ತದ. ಬಟ್ಟಿ ಸುತ್ತು."

ಅದೂ ನಿಜವೇ ಎನಿಸಿತು. ಪೀರಪ್ಪ ತನ್ನ ತಲೆಯ ರುಮಾಲು ಬಿಚ್ಚಿ ಟೋಪಿಗೆ ಸುತ್ತಿದ. ಟೋಪಿ ಮದುಮಗನಂತಾಯಿತು, ಅವನ ತಲೆ ಬರಿದಾಯಿತು.

ಮಹಾಗಾಂವದಲ್ಲಿ ಅಂಗಡಿಯ ಮಾಣಿಕಪ್ಪ ಬರಿದಲೆ ಕಂಡದ್ದೇ ತಕ್ಕಡಿ ಬಿಟ್ಟು ಓಡಿಬಂದು ಸೈಕಲ್ ಹಿಡಿದ. "ಶಿವಶಿವಾ! ಮನ್ಯಾಗ ಯಾರು ತೀರಿಕೊಂಡ್ರೋ?"

"ಯಾರೂ ಇಲ್ರಿ."

"ನನ್ನ ಮುಂದ ಯಾಕ ಮುಚ್ಚತಿ? ಅಳು, ಹಗುರಾಗ್ತದ."

ಸುತ್ತ ಜನ ಸೇರಿ ಸಮಾಧಾನ ಹೇಳಿದರು. ಸತ್ತವರ ಹೆಸರು ಹೇಳದೆ ಬಿಡುವ ಹಾಗೆ ಕಾಣಲಿಲ್ಲ. ಸಾಕಾಗಿ ಹೋದ ಪೀರಪ್ಪ ಎಂದೋ ಸತ್ತಿದ್ದ ಸೋದರಮಾವನನ್ನು ಇನ್ನೊಮ್ಮೆ ಸಾಯಿಸಿ ಪಾರಾದ.

ಊರು ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಸೈಕಲ್ ಒಂದು ಕಡೆ ಹೋಯಿತು, ಪೀರಪ್ಪ ಒಂದು ಕಡೆ. ಬೀಳುವಾಗಲೂ ಅವನು ಎರಡೂ ಕೈಯಲ್ಲಿ ಟೋಪಿಯನ್ನು ಮೇಲೆತ್ತಿ ಹಿಡಿದಿದ್ದ. ನೆಲಕ್ಕೆ ಊರಲು ಉಳಿದದ್ದು ತಲೆ ಒಂದೇ. ಅದು ಮೈಲಿಗಲ್ಲಿಗೆ ಬಡಿಯಿತು.

ಸಂಜೆ ಕಮಲಾಪುರದ ಚಾವಡಿಗೆ ಅವನು ಸೈಕಲ್ ತಳ್ಳಿಕೊಂಡು ಬಂದ. ಮುಖದ ತುಂಬ ರಕ್ತ. "ಹುಜೂರ್, ಟೋಪಿಗಿ ಏನೂ ಆಗಿಲ್ರಿ," ಎಂದು ರುಮಾಲು ಬಿಚ್ಚಿ ತೋರಿಸಿದ.

ಸಾಹೇಬರು ಮಂಚದಿಂದ ತಲೆ ಎತ್ತಿದರು. ಆ ತಲೆಗೂ ಏಟು ಬಿದ್ದು ಪಟ್ಟಿ ಕಟ್ಟಿತ್ತು. ನಿನ್ನೆ ಬರಿದಲೆಯಲ್ಲಿ ಬರುವಾಗ ಅದೇ ದಾರಿಯಲ್ಲಿ ಕುದುರೆ ಅವರನ್ನು ಕೆಡವಿತ್ತು. ಕೆಟ್ಟ ಮೇಲೆ ಬುದ್ಧಿ ಬಂದಿತ್ತು.

"ಬೇವಕೂಫ್! ನಾನು ಹೇಳಿ ಕಳಿಸಿದ್ದೇನು? ರಾಸ್ತಾ ಖರಾಬ್ ಅದ, ಪೀರಪ್ಪ ನನ್ನ ಟೋಪಿ ತಲಿಗಿ ಹಾಕ್ಕೊಂಡು ಟಪಾಲು ತರಲಿ, ಅವನ ತಲಿನೂ ಒಡೀಬಾರದು ಅಂತ!"

ತನ್ನ ತಲೆಯ ಬಗ್ಗೆ ಇಷ್ಟು ದೊಡ್ಡವರು ಯೋಚಿಸಿದ್ದರೆಂದು ಪೀರಪ್ಪನ ಕಣ್ಣು ತುಂಬಿದವು.

"ಮುಂಜಾನೆ ಜವಾಬು ತಗೊಂಡು ವಾಪಸ್ ಹೋಗು," ಸಾಹೇಬರು ಗುಡುಗಿದರು. "ಟೋಪಿ ತಲಿಮ್ಯಾಲ ಇರಬೇಕು. ಹುಕುಂ ಮತ್ತ ಮುರದ್ರ ನೌಕರಿ ಖತಂ!"

ಬೆಳಿಗ್ಗೆ ನೋಡಿದರೆ ರಾತ್ರಿ ಹಕೀಮರು ಅವನ ತಲೆಗೆ ಕಟ್ಟಿದ ದಪ್ಪ ಪಟ್ಟಿಯ ಮೇಲೆ ಟೋಪಿ ಇಳಿಯಲೇ ಇಲ್ಲ. ಪೀರಪ್ಪ ಅದನ್ನು ಒಂದು ಕೈಯಲ್ಲಿ ತಲೆಗೆ ಒತ್ತಿ ಹಿಡಿದು, ಇನ್ನೊಂದೇ ಕೈಯಲ್ಲಿ ಸೈಕಲ್ ನಡೆಸುತ್ತ ಕಲಬುರ್ಗಿಯ ದಾರಿ ಹಿಡಿದ.