ಮೂರು ಗೀರಿನ ಕೀಸುಳಿ

ಕೆಲಸ ಬಾರದವನಿಗೆ ಹತ್ಯಾರುಗಳ ಮೇಲೆ ಇರುವಷ್ಟು ಭಕ್ತಿ ಕೆಲಸ ಬಲ್ಲವನಿಗೆ ಇರುವುದಿಲ್ಲ. ಯಾರನ್ನೋ ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ, ನನ್ನ ಬಗ್ಗೆಯೇ ಹೇಳುತ್ತಿದ್ದೇನೆ. ನಮ್ಮಪ್ಪ ಬಡಗಿ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಮನೆತನ. ಅಪ್ಪ ಎಸ್ಟೇಟ್ ಬಂಗಲೆಗಳಿಗೆ ಬಾಗಿಲು, ಕಿಟಕಿ ಮಾಡಿಕೊಡುತ್ತ ಕೊಡಗನ್ನೆಲ್ಲ ಸುತ್ತಿದವರು. ಅವರ ಮಗನಾದ ನಾನು ಗೋಡೆಗೆ ಮೊಳೆ ಹೊಡೆಯಲು ನಿಂತರೆ ಮೊಳೆ ಬಗ್ಗುತ್ತದೆ, ಗಾರೆ ಉದುರುತ್ತದೆ, ಕ್ಯಾಲೆಂಡರು ಹಿಡಿದು ಕಾಯುತ್ತಿದ್ದ ಹೆಂಡತಿ ಅದನ್ನು ಸುತ್ತಿಕೊಂಡು ಒಳಗೆ ಹೋಗಿಬಿಡುತ್ತಾಳೆ. ಅಪ್ಪ ಇದನ್ನು ನನ್ನ ಹತ್ತನೇ ವಯಸ್ಸಿನಲ್ಲೇ ಕಂಡುಕೊಂಡು, ಇವನು ಓದಲಿ, ಮರವಾದರೂ ಉಳಿಯಲಿ ಎಂದು ಶಾಲೆಗೆ ಅಟ್ಟಿದರು. ಹಾಗಾಗಿ, ಕೊಡಗು ತಾನೇ ಒಂದು ರಾಜ್ಯವಾಗಿ ಮಡಿಕೇರಿಯಲ್ಲಿ ತನ್ನದೇ ಮಂತ್ರಿಗಳನ್ನು ಕೂರಿಸಿಕೊಂಡಿದ್ದ ಆ ಕೆಲವು ವರ್ಷ, ನಾನು ವಿರಾಜಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪೆನ್ಸಿಲು ಚೂಪು ಮಾಡುವುದನ್ನೂ ಪಕ್ಕದ ಮೇಜಿನವರಿಗೆ ಬಿಟ್ಟಿದ್ದೆ.

ಅಪ್ಪ ತೀರಿಕೊಂಡಾಗ ಅಕ್ಕ ಅಮ್ಮನ ಕಂಚಿನ ಪಾತ್ರೆಗಳನ್ನು ಕೇಳಿದಳು, ತಮ್ಮ ಎತ್ತುಗಳನ್ನು ಕೇಳಿದ. ನಾನು ಹತ್ಯಾರಿನ ಪೆಟ್ಟಿಗೆ ಬೇಕೆಂದೆ. ಇಬ್ಬರೂ ನನ್ನ ಮುಖವನ್ನೇ ನೋಡಿದರು. ತಮ್ಮನಂತೂ, ಅಣ್ಣ, ಕೈಬೆರಳು ಹತ್ತೂ ಇವೆಯಲ್ಲ, ಇರಲಿ ಬಿಡು ಎಂದ. ನಾನು ಬಿಡಲಿಲ್ಲ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಲು ಮನಸ್ಸಾಗದೆ ತೊಡೆಯ ಮೇಲೇ ಇಟ್ಟುಕೊಂಡು ವಿರಾಜಪೇಟೆಗೆ ತಂದೆ. ಎರಡು ದಿನ ಕಾಲು ಮಡಚಲಾಗಲಿಲ್ಲ, ಆದರೆ ನನ್ನ ಸಂಭ್ರಮ ಏನೆಂದು ಹೇಳಲಿ! ಉಳಿಗಳು, ಬಾಚಿ, ಗರಗಸ, ಕೊಡತಿ, ಎಲ್ಲದಕ್ಕಿಂತ ಮಿಗಿಲಾಗಿ ಆ ಕೀಸುಳಿ. ಹಲಗೆಯನ್ನು ಸವರಿ ನುಣುಪು ಮಾಡುವ, ಅಲಗು ಕೂರಿಸಿದ ಆ ಮರದ ತುಂಡಿನ ಒಂದು ಬದಿಯಲ್ಲಿ, ಹೆಬ್ಬೆರಳು ಕೂರುವ ಜಾಗ, ಸವೆದು ಸವೆದು ಸಣ್ಣ ಗುಳಿಯಾಗಿತ್ತು. ಅಪ್ಪನ ಹೆಬ್ಬೆರಳು! ಅದನ್ನು ಮೊದಲು ಕಂಡಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತೆ. ಸಾವಿತ್ರಿ, ಅಂದರೆ ನನ್ನ ಹೆಂಡತಿ, ಒಗ್ಗರಣೆ ಸೀದರೂ ಪರವಾಗಿಲ್ಲವೆಂದು ಓಡಿ ಬಂದಿದ್ದಳು.

ಆಮೇಲೆ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಕೀಸುಳಿಯ ದರ್ಶನ. ಅದರ ಹಿಂಬದಿಯಲ್ಲಿ ಮೂರು ಗೀರುಗಳಿದ್ದವು. ನೋಡಿ, ನಾವು ಮೂವರು ಮಕ್ಕಳು, ಒಬ್ಬೊಬ್ಬರು ಹುಟ್ಟಿದಾಗ ಅಪ್ಪ ಒಂದೊಂದು ಗೀರು ಹಾಕಿದ್ದಾರೆ, ನಡುವಿನದು ಸ್ವಲ್ಪ ಆಳವಾಗಿದೆಯಲ್ಲ, ಅದು ನಾನು ಎಂದು ವಿವರಿಸುತ್ತಿದ್ದೆ. ಯಾರು ಹೇಳಿದರು ಎಂದು ಯಾರೂ ಕೇಳಲಿಲ್ಲ. ಯಾರೂ ಹೇಳಿರಲಿಲ್ಲ, ನನಗೇ ಹೊಳೆದದ್ದು. ಒಮ್ಮೆ ಸಾವಿತ್ರಿ ಬೆಲ್ಲದ ಅಚ್ಚು ಒಡೆಯಲು ಅಗಲದ ಉಳಿಯನ್ನು ತೆಗೆದುಕೊಂಡದ್ದಕ್ಕೆ ನಾನು ರಾತ್ರಿ ಊಟ ಬಿಟ್ಟೆ. ಅವಳು ಒತ್ತಾಯ ಮಾಡಲಿಲ್ಲ. ಪಾಯಸ ಚೆನ್ನಾಗಿತ್ತೆಂದು ಆಮೇಲೆ ಮಕ್ಕಳಿಂದ ತಿಳಿಯಿತು.

ಆಯುಧಪೂಜೆಯ ಹಿಂದಿನ ದಿನ. ಹತ್ಯಾರುಗಳನ್ನೆಲ್ಲ ಜಗಲಿಯಲ್ಲಿ ಹರಡಿಕೊಂಡು ಒರೆಸುತ್ತಿದ್ದೆ. ಹೆಗಲಿಗೆ ಗೋಣಿಚೀಲ ಹಾಕಿಕೊಂಡ ಒಬ್ಬ ಮುದುಕ ಅಂಗಳಕ್ಕೆ ಬಂದು, ಅಪ್ಪನ ಹೆಸರು ಹೇಳಿ, ಅವರ ಮಗನ ಮನೆ ಇದೇನಾ ಎಂದು ಕೇಳಿದ. ಹೆಸರು ಚಾತು ಮೇಸ್ತ್ರಿ, ಊರು ಕುಟ್ಟ, ಅಪ್ಪನ ಜೊತೆ ಬಹಳ ವರ್ಷ ಒಂದೇ ಬಂಗಲೆಯ ಕೆಲಸ ಮಾಡಿದವನಂತೆ. ನನಗೆ ಹಿಗ್ಗೋ ಹಿಗ್ಗು. ಅಪ್ಪನನ್ನು ಬಲ್ಲವನೇ ಸಿಕ್ಕಿದ ಮೇಲೆ ಕೇಳಬೇಕೆ? ಕೂರು ಎನ್ನುವುದಕ್ಕೂ ಮೊದಲು ಕೀಸುಳಿಯನ್ನು ಅವನ ಮುಂದೆ ಹಿಡಿದೆ. ಅವನು ಅದನ್ನು ತಿರುಗಿಸಿ, ಹಿಂಬದಿಯ ಗೀರುಗಳ ಮೇಲೆ ಬೆರಳಾಡಿಸಿ ನಕ್ಕ.

"ಇದು ನಂದಲ್ಲವಾ ಮೋನೇ," ಎಂದ, ಮಗನೇ ಎನ್ನುವುದನ್ನು ಮಲಯಾಳದಲ್ಲೇ.

ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪ ಹೋಗಿ ಆರು ತಿಂಗಳಾಗಿಲ್ಲ, ಹತ್ಯಾರು ಹೊಡೆದುಕೊಳ್ಳಲು ಗೋಣಿಚೀಲ ಸಮೇತ ಬಂದಿದ್ದಾನಲ್ಲ ಈ ಮಾರಾಯ! ಕೀಸುಳಿಯನ್ನು ಅವನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡೆ. ಮೂರು ಗೀರು ಮೂರು ಮಕ್ಕಳೆಂದು ಗಟ್ಟಿ ದನಿಯಲ್ಲಿ ವಾದಿಸಿದೆ. ಪಾಪ, ಅವನು ಪೂರ್ತಿ ಕೇಳಿಸಿಕೊಂಡ. ಮೂರು ಗೀರು ತನ್ನ ಗುರುತು, ಒಂದೇ ಕಡೆ ನಾಲ್ಕಾರು ಮೇಸ್ತ್ರಿಗಳು ಕೆಲಸ ಮಾಡುವಾಗ ಹತ್ಯಾರು ಅದಲುಬದಲಾಗದಿರಲೆಂದು ಒಬ್ಬೊಬ್ಬರೂ ಒಂದೊಂದು ಗುರುತು ಹಾಕುತ್ತಿದ್ದರು, ನಿನ್ನಪ್ಪನದು ಒಂದರ ಮೇಲೊಂದು ಎರಡು ಓರೆ ಗೀರು ಎಂದ. ಬೇಕಾದರೆ ಉಳಿಗಳ ಹಿಡಿ ನೋಡು ಎಂದ. ನೋಡಿದೆ. ಎಲ್ಲ ಹಿಡಿಗಳ ಮೇಲೂ ಎರಡು ಓರೆ ಗೀರು. ಇಷ್ಟು ತಿಂಗಳು ದಿನಾ ಒರೆಸಿದವನು ನಾನು, ನನ್ನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ.

ಮುದುಕ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಕೀಸುಳಿ ತೆಗೆದ. ಅದರ ಮೇಲೂ ಅದೇ ಓರೆ ಗೀರು. ಬಂಗಲೆಯ ಕೆಲಸ ಮುಗಿದು ಬೇರೆಬೇರೆ ದಾರಿ ಹಿಡಿಯುವ ದಿನ ಇಬ್ಬರೂ ಕೀಸುಳಿ ಬದಲಾಯಿಸಿಕೊಂಡರಂತೆ. ಇಬ್ಬರಿಗೂ ಮೂಗಿನ ಮೇಲೆ ಕೋಪ, ಮಾತು ಬಿಟ್ಟರೆ ಬಿಟ್ಟೇಬಿಡುವವರು. ಒಬ್ಬರದು ಒಬ್ಬರ ಹತ್ತಿರ ಇದ್ದರೆ ಆ ನೆಪಕ್ಕಾದರೂ ಮತ್ತೆ ಭೇಟಿಯಾಗಬೇಕಲ್ಲ ಎಂಬುದು ಅಪ್ಪನ ಉಪಾಯ. ಹಾಗೇ ಅಪ್ಪ ಇವನದರಲ್ಲಿ, ಇವನು ಅಪ್ಪನದರಲ್ಲಿ ಕೆಲಸ ಮಾಡುತ್ತ ಇಪ್ಪತ್ತು ವರ್ಷ ಕಳೆದಿತ್ತು.

ನಾನು ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತೆ. ಒಂದರಲ್ಲಿ ಅಪ್ಪನ ಗುರುತು, ಇನ್ನೊಂದರಲ್ಲಿ ಅಪ್ಪನ ಹೆಬ್ಬೆರಳು. ಯಾವುದು ಅಪ್ಪ? ನನಗೆ ಎರಡೂ ಬೇಕೆನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದನ್ನೂ ಕೊಡಲು ಮನಸ್ಸಿರಲಿಲ್ಲ. ನೀನು ನಿನ್ನದನ್ನು ಒಯ್ಯಲು ಬಂದೆಯಾ ಎಂದು ಅಳುಕುತ್ತಲೇ ಕೇಳಿದೆ. ಮುದುಕ ತಲೆ ಅಲ್ಲಾಡಿಸಿದ.

"ನನ್ನ ಕೈ ಈಗ ನಿನ್ನಪ್ಪನ ಕೀಸುಳಿಗೆ ಹೊಂದಿಹೋಗಿ ಉಂಟು. ಆದ್ರೆ ಸತ್ತವನ ಹತ್ಯಾರನ್ನ ಮಗ ಕೈಯಾರೆ ಎತ್ತಿ ಕೊಡದೆ ಮರಕ್ಕೆ ಇಡೋ ಹಾಗಿಲ್ಲ. ಸುದ್ದಿ ಗೊತ್ತಾದ ದಿನದಿಂದ ಇದನ್ನ ಮುಟ್ಟಲಿಲ್ಲ. ನೀನು ಕೊಟ್ರೆ ನಾಳೆ ಪೂಜೆಗೆ ಇಡ್ತೇನೆ, ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗ್ತೇನೆ."

ಯಾರದೋ ಎರವಲು ಕೀಸುಳಿಯಲ್ಲಿ ಇಷ್ಟು ದಿನ ಒದ್ದಾಡಿದನಂತೆ, ಎಸ್ಟೇಟಿನಲ್ಲಿ ಹನ್ನೆರಡು ಕಿಟಕಿ ಅರ್ಧಕ್ಕೆ ನಿಂತಿವೆಯಂತೆ. ಇಷ್ಟಾದರೂ ನಾನು ಎರಡನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದೆ. ಕಾಫಿ ತಂದ ಸಾವಿತ್ರಿ ನನ್ನ ಮಡಿಲನ್ನು ನೋಡಿದಳು.

"ರೀ, ಒಂದರಲ್ಲೇ ನೀವು ಏನೂ ಮಾಡಿಲ್ಲ. ಎರಡರಲ್ಲಿ ಏನು ಮಾಡ್ತೀರಿ?"

ಎದ್ದೆ. ಓರೆ ಗೀರಿನ ಕೀಸುಳಿಯನ್ನು ಎರಡೂ ಕೈಯಲ್ಲಿ ಎತ್ತಿ ಮುದುಕನ ಕೈಗಿಟ್ಟೆ. ಕಣ್ಣೀರು ಬಂದದ್ದು ನನಗೆ ಮಾತ್ರವಲ್ಲ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. ನಂತರ ನನ್ನ ಮೂರು ಗೀರಿನದನ್ನು ತಾನೇ ಎತ್ತಿ, ಅಷ್ಟೇ ಗಂಭೀರವಾಗಿ ನನ್ನ ಅಂಗೈಗೆ ಇಟ್ಟು, ಇನ್ನು ಇದು ನಿನ್ನದು, ಕೈಗೆ ಕೊಟ್ಟ ಹತ್ಯಾರು ಸುಮ್ಮನೆ ಕೂರಬಾರದು, ಹಬ್ಬ ಕಳೆದ ಮೇಲೆ ಕೆಲಸ ಮಾಡಬೇಕು ಎಂದ. ಆಗಲಿ ಎಂದುಬಿಟ್ಟೆ. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಆಗಲಿ ಎನ್ನುತ್ತಿದ್ದೆ.

ಮಾತು ಕೊಟ್ಟಾಗಿತ್ತು. ಮುಂದಿನ ಭಾನುವಾರ ಒಂದು ಹಲಗೆ ಹಿಡಿದು ಕೂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಂದದ್ದೆಲ್ಲ ಬರೀ ಪುಡಿ ಮತ್ತು ಸಿಬಿರು. ಊಟಕ್ಕೆ ಕರೆದರೂ ಹೋಗಲಿಲ್ಲ. ಮೂರು ಗಂಟೆಯ ಸುಮಾರಿಗೆ ಏನಾಯಿತೋ ಕಾಣೆ, ಕೀಸುಳಿ ಸರ್‍ರನೆ ಜಾರಿ, ಅದರ ಬಾಯಿಂದ ಒಂದು ಮೊಳ ಉದ್ದದ ಮರದ ಸುರುಳಿ, ಎಲ್ಲೂ ಹರಿಯದೆ, ತೆಳ್ಳಗೆ ಹೊರಬಂತು. ನಾನು ಕಿರುಚಿದ ಸದ್ದಿಗೆ ಅಕ್ಕಪಕ್ಕದವರು ಹಾವು ಕಂಡಿತೆಂದು ಕೋಲು ಹಿಡಿದು ಬಂದರು. ಹಲಗೆ ಮಾತ್ರ ಆ ಕಡೆ ತೆಳ್ಳಗಾಗಿ ಈ ಕಡೆ ದಪ್ಪಗೆ ಉಳಿದು ಯಾವ ಕೆಲಸಕ್ಕೂ ಬಾರದೆ ಹೋಯಿತು, ಅದನ್ನು ಸಾವಿತ್ರಿ ಬಚ್ಚಲೊಲೆಗೆ ಹಾಕಿದಳು. ಸುರುಳಿಯನ್ನೂ ಹಾಕುವವಳಿದ್ದಳು, ಸಮಯಕ್ಕೆ ಸರಿಯಾಗಿ ಕಸಿದುಕೊಂಡೆ. ಈಗ ಅದು ನನ್ನ ಟ್ರಂಕಿನಲ್ಲಿ, ಮದುವೆಯ ಪಂಚೆಯ ಮಡಿಕೆಯೊಳಗೆ ಭದ್ರವಾಗಿದೆ. ನನ್ನ ಕಾಲಾನಂತರ ಮಕ್ಕಳಿಬ್ಬರೂ ಅದಕ್ಕಾಗಿ ಕಿತ್ತಾಡಬಾರದೆಂದು, ಅದು ಯಾರಿಗೆ ಎಂಬುದನ್ನು ಕಾಗದದಲ್ಲಿ ಬರೆದಿಟ್ಟುಬಿಡಬೇಕು ಎಂದಿದ್ದೇನೆ.