ಬೆಲ್ಲದ ತೂಕದ ಕೂಸು

ಬಾಣಂತಿಯರ ಮನೆಗಳಿಗೆ ಹೋಗಿ ಬರುವ ಕೆಲಸ ಹಿಡಿದವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಹೊಸಿಲಲ್ಲೇ ಕಾದು ಕೂತಿರುತ್ತದೆ. ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವಳು. ಆಗ ನಮ್ಮ ಕಡೆಯ ಹೆಂಗಸರಲ್ಲಿ ಅದು ಸಣ್ಣ ಮಾತಲ್ಲ. ಶಿವಮೊಗ್ಗದ ಮಹಿಳಾ ಸಮಾಜದವರು ನನ್ನ ಕೈಗೊಂದು ದಪ್ಪ ರಿಜಿಸ್ಟರು ಕೊಟ್ಟು, ಮಂಗಳೂರು ಕಡೆಯ ಒಬ್ಬ ನರ್ಸಮ್ಮನ ಜೊತೆ ಹಾಕಿದರು. ಔಷಧ ಅವರದು, ಮಾತು ಮತ್ತು ಬರವಣಿಗೆ ನನ್ನದು. ಪ್ರತಿ ಸೋಮವಾರ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗುತ್ತಿದ್ದೆವು.

ಆ ರಿಜಿಸ್ಟರು ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅದರಲ್ಲಿರುವ ಒಂದೇ ಮನೆಯ ಸಂಗತಿಗಳಿವು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೂಲಿ. ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ. ಅಂಗೈ ಅಗಲದ ಈ ಹೆಣ್ಣು ಕೂಸಾದರೂ ಉಳಿಯಬೇಕಿತ್ತು. ಆ ಮನೆಯ ಆಡಳಿತವೆಲ್ಲ ಗಂಡನ ತಾಯಿಯ ಕೈಯಲ್ಲಿತ್ತು. ಕೇರಿಯವರಿಗೆಲ್ಲ ಆಕೆ ಅಜ್ಜಿ, ನಮಗೂ ಅಜ್ಜಿ.

೧. ಬಿಳಿ ಸೀರೆ

ಮೊದಲ ದಿನ ಅಜ್ಜಿ ನರ್ಸಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬಾಗಿಲು ಹಾಕಿಕೊಂಡಳು. ಬಿಳಿ ಸೀರೆ, ಬರಿ ಹಣೆ. ಹಸಿ ಬಾಣಂತಿ ಇರುವ ಮನೆಗೆ ಗಂಡ ಸತ್ತವಳು ಕಾಲಿಡಬಾರದೆಂದು ಅವಳ ನಂಬಿಕೆ.

“ಅಜ್ಜಿ, ಇವರು ಕ್ರೈಸ್ತರು, ಕುಂಕುಮ ಇಡೋ ಪದ್ಧತಿ ಇಲ್ಲ. ಬಿಳಿ ಸೀರೆ ಆಸ್ಪತ್ರೆಯವರು ಕೊಟ್ಟಿದ್ದು,” ಎಂದೆ.

ಒಳಗಿನಿಂದ ದನಿ ಬಂತು: “ಗಂಡ ಇದ್ದಾನೋ ಇಲ್ವೋ, ಅಷ್ಟು ಹೇಳಿ.”

“ಇದ್ದಾರೆ ಅಜ್ಜಿ,” ಎಂದರು ನರ್ಸಮ್ಮ.

“ಇದ್ದಾನೆ ಅನ್ನೋದಕ್ಕೆ ಏನು ಸಾಕ್ಷಿ?”

“ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಇವತ್ತು ನಾನು ಹೊರಡೋವರೆಗೂ ಮಾತಾಡಿಲ್ಲ.”

ಚಿಲಕ ತೆಗೆದ ಸದ್ದಾಯಿತು. “ಒಳಗೆ ಬಾ ಮಾರಾಯ್ತಿ,” ಎಂದಳು ಅಜ್ಜಿ. “ಅದು ಬದುಕಿರೋ ಗಂಡನದೇ ಲಕ್ಷಣ.”

೨. ಜಗಲಿಯ ಕಾವಲು

ಬಾಣಂತಿಗೆ ಕುಡಿಯಲು ನೀರು ಕೊಡಬಾರದೆಂದು ಅಜ್ಜಿಯ ಕಟ್ಟುನಿಟ್ಟು. ಹಾಗಾಗಿ ಎದೆಯಲ್ಲಿ ಹಾಲೂ ಕಡಿಮೆ. ನಾನು ವಾದ ಮಾಡಿ ಸೋತೆ. ರೈಲಿನಲ್ಲಿ ನರ್ಸಮ್ಮ ಉಪಾಯ ಹೇಳಿದರು: “ಅಮ್ಮಾವ್ರೆ, ನೀವು ಅಜ್ಜೀನ ಅರ್ಧ ಗಂಟೆ ಜಗಲಿ ಮೇಲೆ ಹಿಡಿದಿಡಿ. ಒಳಗಿಂದು ನಾನು ನೋಡ್ಕೋತೀನಿ.”

ಮುಂದಿನ ವಾರ ನಾನು ರಿಜಿಸ್ಟರು ಬಿಚ್ಚಿಕೊಂಡು ಜಗಲಿಯಲ್ಲಿ ಕೂತು, “ನಿಮ್ಮ ಹೆರಿಗೆಗಳೆಲ್ಲ ಹೇಗಾಯ್ತು ಅಜ್ಜಿ?” ಎಂದೆ. ಅಷ್ಟೇ ಸಾಕಾಯಿತು. ಒಂಬತ್ತು ಹೆರಿಗೆ! ಒಂದು ಗದ್ದೆಯ ಬದುವಿನ ಮೇಲೆ, ಒಂದು ಮಲವಗೊಪ್ಪಕ್ಕೆ ಹೊರಟ ಎತ್ತಿನ ಗಾಡಿಯಲ್ಲಿ, ಒಂದು ರೊಟ್ಟಿ ತಟ್ಟುತ್ತಿರುವಾಗ. ಒಳಗೆ ನರ್ಸಮ್ಮ ಬಾಣಂತಿಗೆ ನೀರು ಕುಡಿಸಿ, ಕುದಿಸಿ ಆರಿಸಿದ ನೀರಿನ ಚೊಂಬೊಂದನ್ನು ಮಂಚದ ಕೆಳಗಿಟ್ಟು, ಅದನ್ನು ದಿನವೂ ಗುಟ್ಟಾಗಿ ತುಂಬಿಡಲು ಅವಳ ಗಂಡನನ್ನು ಒಪ್ಪಿಸುತ್ತಿದ್ದರು. ಒಂಬತ್ತೂ ಮುಗಿದವು, ನರ್ಸಮ್ಮ ಇನ್ನೂ ಹೊರಗೆ ಬಂದಿಲ್ಲ. “ನಿಮ್ಮ ತಂಗಿಯವು?” ಎಂದೆ.

ವಾಪಸು ಬರುವಾಗ ನರ್ಸಮ್ಮ ರಿಜಿಸ್ಟರು ತಿರುವಿ ನೋಡಿದರು. “ಅಮ್ಮಾವ್ರೆ, ಹದಿನಾಲ್ಕು ಹೆರಿಗೆ ಬರೆದಿದ್ದೀರಿ. ನಮ್ಮ ಬಾಣಂತಿದು ಎಲ್ಲಿ?”

“ಪುಟದಲ್ಲಿ ಜಾಗ ಉಳೀಲಿಲ್ಲ,” ಎಂದೆ.

೩. ತುಲಾಭಾರ

ಕೂಸು ಮೈ ತುಂಬಿಕೊಳ್ಳುತ್ತಿದೆಯೇ ಎಂದು ತಿಳಿಯಲು ತೂಗಬೇಕು. ನರ್ಸಮ್ಮ ಚೀಲದಿಂದ ತಕ್ಕಡಿ ತೆಗೆದ ಕೂಡಲೇ ಅಜ್ಜಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ತೂಗೋಕೆ ಇದೇನು ಸಂತೆ ಮೆಣಸಿನಕಾಯಾ? ದೃಷ್ಟಿಯಾಗಿ ಇರೋದೂ ಕರಗಿ ಹೋಗುತ್ತೆ.”

ನನಗೆ ತಟ್ಟನೆ ಹೊಳೆಯಿತು. “ತೂಗೋದಲ್ಲ ಅಜ್ಜಿ, ತುಲಾಭಾರ. ವಾರಕ್ಕೊಂದು ಸಲ ಬೆಲ್ಲದ ತುಲಾಭಾರ. ಆಮೇಲೆ ಬೆಲ್ಲ ಕೇರಿಯವರಿಗೆ ಹಂಚೋಣ.”

“ಅದಾದ್ರೆ ಬೇರೆ ಮಾತು,” ಎಂದು ಅಜ್ಜಿ ತಾನೇ ಕೂಸಿಗೆ ಕಾಡಿಗೆಯ ಬೊಟ್ಟಿಟ್ಟು ತಟ್ಟೆಯಲ್ಲಿ ಮಲಗಿಸಿದಳು. ಕೂಸನ್ನು ಎತ್ತಿಕೊಂಡ ಮೇಲೆ ನರ್ಸಮ್ಮ ಆ ಬೆಲ್ಲವನ್ನೇ ತೂಕದ ಕಲ್ಲಿಟ್ಟು ತೂಗಿದರು. ಅದಕ್ಕೆ ಅಜ್ಜಿಯ ತಕರಾರಿರಲಿಲ್ಲ, ಬೆಲ್ಲಕ್ಕೆ ದೃಷ್ಟಿಯಾಗುವುದಿಲ್ಲವಲ್ಲ.

ಮೂರನೆಯ ವಾರ ಹೋದರೆ, ಬಾಗಿಲಲ್ಲಿ ಇನ್ನೂ ಆರು ತಾಯಂದಿರು ಕೂಸು ಹಿಡಿದು ನಿಂತಿದ್ದಾರೆ. ಅವರ ಹಿಂದೆ ಒಬ್ಬ ಮುದುಕ.

“ನಿಮಗೇನಾಗಬೇಕಜ್ಜ?”

“ನನ್ನನ್ನೂ ತೂಗಿ ತಾಯಿ. ಆದ್ರೆ ಬೆಲ್ಲ ಹಂಚೋದು ಬೇಡ, ಮನೆಗೇ ಕೊಟ್ಟುಬಿಡಿ.”

೪. ಏರಬೇಕಾದ ಒಂದು ಅಚ್ಚು

ಆಮೇಲೆ ಎರಡು ವಾರ ಕೂಸಿನ ತೂಕ ಏರಲೇ ಇಲ್ಲ. ನರ್ಸಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು: “ಬರೋ ಸೋಮವಾರ ಬೆಲ್ಲದ ಒಂದು ಸಣ್ಣ ಅಚ್ಚಿನಷ್ಟಾದ್ರೂ ಹೆಚ್ಚಬೇಕು. ಇಲ್ಲ ಅಂದ್ರೆ ತಾಯಿ ಮಗು ಇಬ್ರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸ್ತೀನಿ.” ಆಸ್ಪತ್ರೆ ಎಂದರೆ ಆ ಮನೆಯವರ ಎದೆ ನಡುಗುತ್ತಿತ್ತು, ಅಲ್ಲಿಗೆ ಹೋದರೆ ಕೂಸು ಕೈತಪ್ಪಿದ ಹಾಗೇ ಎಂದು ತಿಳಿದಿದ್ದರು.

ಸೋಮವಾರ ಬಂತು. ಬಟ್ಟೆ ಸುತ್ತಿದ ಕೂಸನ್ನು ಒಂದು ತಟ್ಟೆಯಲ್ಲಿ ಇಟ್ಟೆವು. ಇನ್ನೊಂದರಲ್ಲಿ ಹೋದ ವಾರದಷ್ಟೇ ಬೆಲ್ಲ. ಅದರ ಮೇಲೆ ಒಂದು ಅಚ್ಚು, ಇನ್ನೊಂದು, ಮತ್ತೊಂದು. ಕೂಸಿನ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

“ಒಂದು ವಾರಕ್ಕೆ ಇಷ್ಟು ಯಾವ ಕೂಸೂ ಏರಲ್ಲ,” ಎಂದು ನರ್ಸಮ್ಮ ಬಟ್ಟೆಯ ಮಡಿಕೆಗೆ ಕೈ ಹಾಕಿದರು. ಒಂದು ಅಡಕತ್ತರಿ ಬಂತು.

ಅಜ್ಜಿ ಸೂರು ನೋಡುತ್ತಾ, “ಓ, ಅಲ್ಲಿದ್ಯಾ? ಬೆಳಗ್ಗೆಯಿಂದ ಹುಡುಕ್ತಿದ್ದೆ,” ಎಂದಳು.

ಇನ್ನೊಂದು ಮಡಿಕೆಯಿಂದ ಬೆಳ್ಳಿಯ ಕಾಲ್ಗಡಗ ಬಂತು. ಬಾಣಂತಿ ತನ್ನ ಬರಿಗಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಕೂಸಿನ ಪಾದದ ಹತ್ತಿರ ಒಂದು ಕಬ್ಬಿಣದ ತುಂಡು.

“ಗಾಳಿ ಸೋಕದ ಹಾಗೆ ಇಟ್ಟಿದ್ದೆ ನರ್ಸಮ್ಮ,” ಎಂದ ಗಂಡ.

“ತಲೆದಿಂಬಿನ ಕೆಳಗೆ ಇಡೋದು ನೋಡಿದ್ದೀನಿ. ತಕ್ಕಡೀಲಿ ಇಡೋದು ಇವತ್ತೇ ನೋಡಿದ್ದು.”

ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನರ್ಸಮ್ಮ ಆ ಮೂರನ್ನೂ ತೆಗೆದಿಟ್ಟು, ಬೆಲ್ಲದಲ್ಲಿ ಎರಡು ಅಚ್ಚು ಇಳಿಸಿದರು. ಹೆಚ್ಚಿನದು ಒಂದೇ ಅಚ್ಚು ಉಳಿಯಿತು. ಆದರೂ ಕೂಸಿನ ತಟ್ಟೆ ಕೆಳಗೇ ಇತ್ತು! ಅಜ್ಜಿ ಕೈ ಮುಗಿದಳು. ನಾನು ಸಂತೋಷದಿಂದ ಎಡಗೈಯಲ್ಲೇ ರಿಜಿಸ್ಟರು ಬಿಚ್ಚಿದೆ.

“ಅಮ್ಮಾವ್ರೆ, ನಿಮ್ಮ ಬಲಗೈ?” ಎಂದರು ನರ್ಸಮ್ಮ ಮೆಲ್ಲಗೆ.

ನೋಡಿದೆ. ನನ್ನ ಹೆಬ್ಬೆರಳು ಕೂಸಿನ ತಟ್ಟೆಯ ಅಂಚಿನ ಮೇಲಿತ್ತು. ಯಾವಾಗ ಹೋಗಿ ಕೂತಿತ್ತೋ ದೇವರೇ ಬಲ್ಲ. ತೆಗೆದೆ. ತಟ್ಟೆ ಮೇಲೆದ್ದಿತು. ಅದು ಎರಡು ಸಲ ತೂಗಾಡಿ, ಮೆಲ್ಲಗೆ ಇಳಿದು, ಬೆಲ್ಲಕ್ಕೆ ಸರಿಸಮನಾಗಿ ನಿಂತಿತು. ಕೂಸು ನಿಜವಾಗಿಯೂ ಒಂದು ಅಚ್ಚು ಏರಿತ್ತು.

“ಏನಂತ ಬರೀಲಿ?” ಎಂದೆ, ಮುಖ ಎತ್ತದೆ.

“ಇದ್ದದ್ದು ಇದ್ದ ಹಾಗೆ ಬರೀರಿ ಅಮ್ಮಾವ್ರೆ. ಕೂಸು ಒಂದು ಅಚ್ಚು ಏರಿದೆ. ಒಂದು ಅಡಕತ್ತರಿ, ಒಂದು ಕಡಗ, ಒಂದು ಕಬ್ಬಿಣದ ತುಂಡು, ಬಿ.ಎ. ಪಾಸಾದ ಒಂದು ಹೆಬ್ಬೆರಳು ಕಳೆದು.”