ಶಿವನಪ್ಪನ ಕಣ್ಣಿಗೊಂದು ಎಡೆ

ಬಿಸ್ಮಿಲ್ಲಾನ ಚಹದಂಗಡಿಯಲ್ಲಿ ಕೂತು ಅಂದಾನಪ್ಪ ಆಡಿದ ಒಂದು ಮಾತಿನಿಂದ ಇಷ್ಟೆಲ್ಲ ಆಯಿತು.

ಅಂದು ಶಿವನಪ್ಪನ ವರ್ಷದ ತಿಥಿ. ಗಜೇಂದ್ರಗಡದಲ್ಲಿ ಮಗ್ಗ ನೇಯ್ದು ಬಾಳಿದ ಆ ಮನುಷ್ಯ ಅಂದಾನಪ್ಪನ ಜೀವದ ಗೆಳೆಯ. ಊರಿನ ಟಾಕೀಜು ಈಗ ಗೊಬ್ಬರದ ಗೋದಾಮಾಗಿದೆ. ಅದು ನಡೆಯುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಕುದುರೆ ಪಿಕ್ಚರ್ ಬಂತೆಂದರೆ ಇಬ್ಬರೂ ಮಗ್ಗ ಬಿಟ್ಟು ಓಡುತ್ತಿದ್ದರು. ಇಂಗ್ಲಿಷ್ ಇಬ್ಬರಿಗೂ ಬಾರದು. ಬರಬೇಕಾದ ಅಗತ್ಯವೂ ಇರಲಿಲ್ಲ. ಪಿಸ್ತೂಲು ಹಿಡಿದ ಆ ಸವಾರರು ಮಾತಾಡುವುದೇ ಕಡಿಮೆ.

"ಎಲ್ಲಾರೂ ಹೋಳಿಗಿ, ಕಡಬು ಎಡಿ ಇಡತೀರಿ. ಬಾಯಿಗಾತು. ಕಣ್ಣಿಗೆ ಏನ ಇಟ್ಟೀರಿ?" ಎಂದ ಅಂದಾನಪ್ಪ. "ಅವನ ಫೋಟೋದ ಮುಂದ ಇವತ್ತ ಒಂದ ಕುದುರಿ ಪಿಚ್ಚರ್ ಹಾಕೂಣು. ಅವನ ಮನಸು ನನಗ ಗೊತ್ತೈತಿ."

ಹೇಳುವಾಗ ಅವನ ಕಣ್ಣು ತೇವವಾಗಿತ್ತು. ಗೆಳೆಯನಿಗೆ ಕೊಡಬೇಕಾದದ್ದು ಏನೋ ಉಳಿದುಹೋಗಿದೆ ಎಂಬ ಕೊರಗು ವರ್ಷವಿಡೀ ಅವನನ್ನು ಹಿಂಡಿತ್ತು.

ಪಕ್ಕದಲ್ಲಿ ಕೂತಿದ್ದ ಮುತ್ತಣ್ಣ ಚಹದ ಬಸಿ ಕೆಳಗಿಟ್ಟ. ಅವನು ಮದುವೆ ಮನೆಗಳಿಗೆ ಮೈಕು, ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವ. "ಮಷಿನ್ ನಾ ಪುಕ್ಕಟೆ ತರತೀನಿ ಕಾಕಾ. ಆದ್ರ ಪಿಚ್ಚರ್ ನಾ ಹೇಳಿದ್ದು. ಶಿವನಪ್ಪ ಕಾಕಾಗ ಫೈಟಿಂಗ್ ಅಂದ್ರ ಜೀವ."

"ಯಾರ ಹೇಳಿದ್ರಲೇ ನಿನಗ? ಬಸ್ಸಿನ ಮ್ಯಾಲಿಂದ ಜಿಗಿಯೂದು, ಗಾಜ ಒಡಿಯೂದು! ಅದನ್ನ ನೋಡಾಕ ಪಿಚ್ಚರ್ ಯಾಕ ಬೇಕು, ನಮ್ಮ ಬಸ್‌ಸ್ಟ್ಯಾಂಡ್ ಸಾಕು."

"ನಿಮ್ಮ ಕುದುರಿ ಪಿಚ್ಚರಿನ್ಯಾಗರೆ ಏನೈತ್ರಿ? ಒಬ್ಬಾವ ಈ ಕಡೆ ನಿಂತಿರತಾನ, ಒಬ್ಬಾವ ಆ ಕಡೆ. ನಾ ಹೊರಗ ಹೋಗಿ ಚಹಾ ಕುಡದು, ಎಲಿ ಹಾಕ್ಕೊಂಡ ಬಂದ್ರೂ ಇನ್ನೂ ನಿಂತಾ ಇರತಾರ."

"ಅದಾ ಧೈರ್ಯ! ಹೊಡಿಯೂಕಿಂತ ಮೊದಲ ಎದುರಿನವನ ಕಣ್ಣಾಗ ನೋಡಬೇಕು. ನಿಮ್ಮವರು ನೋಡೂದಾ ಇಲ್ಲ, ಬರೇ ಹೊಡೀತಾರ."

"ಇಬ್ಬರೂ ಸುಮ್ನಿರ್ರಿ," ಎಂದ ಬಿಸ್ಮಿಲ್ಲಾ, ಚಹಾ ಸೋಸುತ್ತ. "ಆರ ಗುಂಡಿನ ಪಿಸ್ತೂಲಿನ್ಯಾಗ ನಿಮ್ಮ ಸವಾರ ಹನ್ನೊಂದ ಗುಂಡ ಹೊಡದದ್ದನ್ನ ನಾ ಎಣಿಸೀನಿ. ಅದೂ ಹೋಗ್ಲಿ. ಊರಿಗೆ ಊರಾ ಉಳಿಸಿದ ಮನಶಾಗ ಒಬ್ಬರರೆ 'ಉಂಡ ಹೋಗಪಾ' ಅಂತಾರೇನ್ರಿ? ಸಂಜಿಮುಂದ ಹಸಕೊಂಡ ಹೊಂಟ ಹೋಗತಾನ."

ಆ ಸಂಕಟ ಅಂದಾನಪ್ಪನಿಗೂ ಇತ್ತು.

ಮಧ್ಯಾಹ್ನದ ಹೊತ್ತಿಗೆ ಶಿವನಪ್ಪನ ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಬಿದ್ದವು. ಗೋಡೆಗೆ ಬಿಳಿ ಧೋತರ ಕಟ್ಟಿದರು. ಮಾಲೆ ಹಾಕಿದ ಫೋಟೋ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿತು. ಓಣಿಯ ಜನ ಕುದುರೆ ಪಕ್ಷ, ಫೈಟಿಂಗ್ ಪಕ್ಷ ಎಂದು ಎರಡಾಗಿ ಬಂದು ತುಂಬಿದರು.

ಆಗ ಬಿಸ್ಮಿಲ್ಲಾ ಹೊಸ ತೊಡಕು ತೆಗೆದ. "ಎಡಿ ಇಟ್ಟ ಮ್ಯಾಲೆ ಹಿರ್ಯಾರು ಉಣ್ಣಲಿ ಅಂತ ನೀವು ಬಾಗಲಾ ಮುಂದ ಮಾಡಿ ಹೊರಗ ನಿಂದರತೀರೆಲ್ರಿ? ಹಂಗಾರ ಶಿವನಪ್ಪನವರು ಒಬ್ಬರಾ ಕುಂತ ನೋಡಬೇಕಲ್ಲ?"

ಜನ ಮುಖ ಮುಖ ನೋಡಿಕೊಂಡರು.

"ಇಂಟರ್ವಲ್ ತನಕ ಅವರ ನೋಡ್ಲಿ, ಆಮ್ಯಾಲೆ ನಾವ ನೋಡೂಣು," ಎಂದ ಮುತ್ತಣ್ಣ.

"ಸುರುವಾತಿನ ಕತಿ ನಮಗ ಯಾರ ಹೇಳವರು? ಫೋಟೋ ಹೇಳತೈತೇನು?" ಎಂದು ಅಂದಾನಪ್ಪ ರೇಗಿದ. ರೇಗಿದವನು ಪರದೆಯ ಕಡೆ ತಿರುಗಿದರೆ, ಮುತ್ತಣ್ಣ ಸದ್ದಿಲ್ಲದೆ ಫೈಟಿಂಗ್ ಹಚ್ಚಿಬಿಟ್ಟಿದ್ದ! ಗೋಡೆಯ ಮೇಲೆ ಬಸ್ಸೊಂದು ಹಾರುತ್ತಿತ್ತು. ಅಂದಾನಪ್ಪ ಮಷಿನ್ನಿನ ವೈರಿಗೆ ಕೈ ಹಾಕಿದ, ಮುತ್ತಣ್ಣ ಆ ಕಡೆ ಜಗ್ಗಿದ. ಎಡವಿದ ಅಂದಾನಪ್ಪ ಧೋತರವನ್ನೇ ಹಿಡಿದುಕೊಂಡ. ಅದು ಕಳಚಿ ಅವನ ತಲೆಯ ಮೇಲೆ ಬಿದ್ದು, ಸೆರಗು ಹೊದ್ದ ಹೊಸ ಸೊಸೆಯ ಹಾಗೆ ಅವನು ಪಡಸಾಲೆಯ ನಡುವೆ ನಿಂತ. ಬಸ್ಸು ಅವನ ಹೊಟ್ಟೆಯ ಮೇಲೆ ಹಾಯ್ದು ಹೋಯಿತು.

"ಸಾಕ ಮಾಡ್ರಿ!" ಅಡುಗೆಮನೆಯಿಂದ ಶಿವನಪ್ಪನ ಹೆಂಡತಿ ತಿಪ್ಪವ್ವ ಸೌಟು ಹಿಡಿದೇ ಬಂದಳು. "ಬಂದೂಕಿನ ಸಪ್ಪಳ ಅಂದ್ರ ನಮ್ಮ ಮನಿಯವರ ಎದಿ ನಡಗತಿತ್ತು. ಅವರಿಗೆ ಕುದುರಿನೂ ಬ್ಯಾಡಾಗಿತ್ತು, ಫೈಟಿಂಗೂ ಬ್ಯಾಡಾಗಿತ್ತು."

ಅಂದಾನಪ್ಪ ಧೋತರ ಸರಿಸಿ ಮುಖ ಹೊರಗೆ ಹಾಕಿದ. "ಹಂಗಾರ ನನ್ನ ಕೂಡ ಯಾಕ ಬರತಿದ್ದ ತಂಗಿ?"

"ನಿಮ್ಮ ಸಲವಾಗಿ ಅಣ್ಣಾರ. 'ಪಿಚ್ಚರಿಗಿಂತ ತಿರಗಿ ಬರೂ ಹಾದ್ಯಾಗ ಅಂದಾನಪ್ಪ ಭಾಳ ಚಲೋ' ಅಂತಿದ್ರು."

ತಿರುಗಿ ಬರುವ ದಾರಿಯುದ್ದಕ್ಕೂ ಅಂದಾನಪ್ಪ ಆ ಪಿಕ್ಚರನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಶಿವನಪ್ಪ ಬಾಯಿ ಮುಚ್ಚಿ ನಗುತ್ತ ಜೊತೆಗೆ ನಡೆಯುತ್ತಿದ್ದ. ಹಾಗಾದರೆ ಗೆಳೆಯನಿಗೆ ಇಡಬೇಕಾದ ಎಡೆ ತನ್ನ ನಾಲಿಗೆಯಲ್ಲೇ ಇದೆ! ದೇವರು ದೊಡ್ಡವನು.

ಮುತ್ತಣ್ಣ ತಾನಾಗಿಯೇ ಮಷಿನ್ ಆರಿಸಿದ. ಅಂದಾನಪ್ಪ ಮೊಣಕಾಲು ಹಿಡಿದು ಫೋಟೋದ ಎದುರು ಚಕ್ಕಳಮಕ್ಕಳ ಹಾಕಿ ಕೂತ, ಕಣ್ಣು ಮುಚ್ಚಿದ, ಹೇಳತೊಡಗಿದ. ಬರಿದಾದ ಬೀದಿ, ಬಿಸಿಲು, ಧೂಳು, ತಾನೇ ತೆರೆದು ಮುಚ್ಚುವ ಬಾಗಿಲು. ಹೆಣ್ಣುಮಗಳೊಬ್ಬಳು ಬಾವಿಯ ಕಟ್ಟೆಯಲ್ಲಿ ಕೊಡ ಬಿಟ್ಟು ನಿಂತಿದ್ದಾಳೆ. ಸವಾರ ಬಂದ. ಎದುರಿಗೆ ಅವನ ವೈರಿಯೂ ಬಂದ, ಇಬ್ಬರೂ ನಿಂತರು. ಫೈಟಿಂಗ್ ಪಕ್ಷದವರೂ ಉಸಿರು ಬಿಡಲಿಲ್ಲ. ಸವಾರ ಸಂಜೆಯ ಬೆಳಕಿನಲ್ಲಿ ಸಣ್ಣವನಾಗುತ್ತ ಹೋಗುವಾಗ ಬಿಸ್ಮಿಲ್ಲಾ ಟವೆಲಿನಿಂದ ಕಣ್ಣೊರೆಸಿಕೊಂಡ.

ಜನ ಅಂಗಳದ ಪಂಕ್ತಿಗೆ ಎದ್ದರು. ಅಂದಾನಪ್ಪನ ಗಂಟಲು ಒಣಗಿತ್ತು, ಎದೆ ಹಗುರಾಗಿತ್ತು. ನೀರು ತಂದ ತಿಪ್ಪವ್ವನನ್ನು ಕೇಳಿದ, "ತಂಗಿ, ನಾ ಹೇಳೂದರಾಗ ಅವನಿಗೆ ಯಾವುದು ಹೆಚ್ಚ ಸೇರತಿತ್ತು?"

ತಿಪ್ಪವ್ವ ತಡೆದು ತಡೆದು ಹೇಳಿದಳು. "ಹೇಳೂದು ಅವರೆಲ್ಲಿ ಕೇಳ್ಯಾರ ಅಣ್ಣಾರ? ಗುಂಡಿನ ಸಪ್ಪಳಕ್ಕ ಅಂಜಿ ಎರಡೂ ಕಿವ್ಯಾಗ ಹತ್ತಿ ಅರಳಿ ತುರಕೊಂಡ ಬರತಿದ್ರು. ಮನಿಗೆ ಬಂದ ಮ್ಯಾಲೆ ನಾನಾ ತಗೀತಿದ್ದೆ."

"ಮತ್ತ... ಚಲೋ ಅಂತಿದ್ದದ್ದು?"

"ಹಾದಿ ತುಂಬ ನೀವು ಕುದುರಿ ಮ್ಯಾಲೆ ಕುಂತಂಗ ಲಗಾಮ ಹಿಡದು ಜಿಗದಾಡಕೋತ ನಡೀತಿದ್ರಂತ. ಅದನ್ನ ನೋಡಿ ನೋಡಿ ನಗತಿದ್ರು."

ಅಂದಾನಪ್ಪ ಫೋಟೋ ನೋಡಿದ. ಇಷ್ಟು ಹೊತ್ತು ಅದರ ಮುಂದೆ ಕಲ್ಲಿನ ಬಸವಣ್ಣನ ಹಾಗೆ ಕೂತಲ್ಲೇ ಕೂತಿದ್ದ. ಅತ್ತಿತ್ತ ನೋಡಿದ, ತಿಪ್ಪವ್ವನನ್ನು ಬಿಟ್ಟರೆ ಯಾರೂ ಇಲ್ಲ. ಮೊಣಕಾಲು ಒತ್ತಿಕೊಂಡು ಎದ್ದ, ಇಲ್ಲದ ಲಗಾಮು ಹಿಡಿದ, ಫೋಟೋದ ಸುತ್ತ ಕುಣಿಯುತ್ತ ಒಂದು ಸುತ್ತು ಬಂದ. ಎರಡನೆಯ ಸುತ್ತಿಗೆ ಓಟ ಸ್ವಲ್ಪ ಕುದುರಿತು.

ವೈರು ಸುತ್ತಲು ಬಂದ ಮುತ್ತಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟ. ಮರುಕ್ಷಣ ಅಂಗಳದ ಕಡೆ ತಿರುಗಿ ಕೂಗಿದ, "ಲಗೂ ಬರ್ರೋ! ಪಿಚ್ಚರ್ ಈಗ ಸುರುವಾಗೈತಿ! ಕಾಕಾ ಕುದುರಿ ಹತ್ಯಾನ!"

ಪಂಕ್ತಿಯ ಜನ ಹೋಳಿಗೆ ಹಿಡಿದುಕೊಂಡೇ ಬಾಗಿಲಿಗೆ ಮುಗಿಬಿದ್ದರು. ಸೆರಗಿನಲ್ಲಿ ಬಾಯಿ ಮುಚ್ಚಿ ತಿಪ್ಪವ್ವನೂ ನಗುತ್ತಿದ್ದಳು. ಅವರೆಲ್ಲರ ನಡುವೆ, ಎರಡೂ ಕೈ ಮುಂದೆ ಚಾಚಿ, ಒಂದು ಕಾಲು ಎತ್ತಿ ನಿಂತ ಅಂದಾನಪ್ಪನಿಗೆ ಆ ಕುದುರೆಯಿಂದ ಇಳಿಯುವುದು ಹೇಗೆಂದು ತಿಳಿಯಲಿಲ್ಲ.